ಮರಳುವ ದಾರಿ

ವಿದ್ಯುನ್ಮಂಡಲದ ಚಿತ್ರ ಬರೆಯಲು ಹೇಳಿದಾಗ, ಕೋಶದ ಧನ ಧ್ರುವದಿಂದ ದೀಪದವರೆಗಿನ ತಂತಿಯನ್ನು ಮಕ್ಕಳೆಲ್ಲರೂ ಶ್ರದ್ಧೆಯಿಂದ ಎಳೆಯುತ್ತಿದ್ದರು. ದೀಪದಿಂದ ಋಣ ಧ್ರುವಕ್ಕೆ ಮರಳುವ ತಂತಿಯನ್ನು ಹಲವರು ಮರೆಯುತ್ತಿದ್ದರು. ಪರೀಕ್ಷೆಯಲ್ಲಿ ಆ ಮರೆವಿನ ಬೆಲೆ ಒಂದು ಅಂಕ. ಕುಲಶೇಖರದ ಮನೆಯೊಂದರಲ್ಲಿ ಅದರ ಬೆಲೆ ಒಂದು ಕಾರೇ ಆಗುವುದರಲ್ಲಿತ್ತು.

ಅದು 1978ರ ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100 ಡಿ ಮಾದರಿಯೇ ಎಪ್ಪತ್ತರ ದಶಕದಲ್ಲಿ ಈ ಹೆಸರು ಪಡೆದದ್ದು. ಸ್ಟೀರಿಂಗಿನ ಬದಿಯಲ್ಲೇ ಗೇರು. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರದಲ್ಲಿ ಮರೆಯಾದವು. ಈ ಕಾರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದಿವಂಗತ ತಂದೆಯದು. ಭಾನುವಾರಗಳಂದು ಹೋಲಿ ಕ್ರಾಸ್ ಇಗರ್ಜಿಗೆ ಮನೆಮಂದಿಯನ್ನೆಲ್ಲ ಕರೆದೊಯ್ದ ಕಾರು.

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ವಾಹನವನ್ನು ಸಾರಿಗೆ ಕಚೇರಿಗೆ ಒಯ್ದು ತೋರಿಸಬೇಕು. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಬಂದ ಪ್ರತ್ಯೇಕ ನಿಯಮದ ಲಾಭ ಈ ಕಾರಿಗೆ ಇನ್ನೂ ಇಲ್ಲ. ಮಳೆಗಾಲಕ್ಕೆ ಮೊದಲು ನವೀಕರಣವಾಗದಿದ್ದರೆ ಗುಜರಿಗೆ ಕೊಟ್ಟುಬಿಡೋಣವೆಂದು ಕೊಲ್ಲಿಯಲ್ಲಿರುವ ಅಣ್ಣಂದಿರು ಹೇಳಿದ್ದರು. ತಾಯಿ ಏನೂ ಹೇಳಿರಲಿಲ್ಲ.

ಎಂಜಿನ್ ಸರಿಯಾಗಿತ್ತು, ಹೊಸ ಬಣ್ಣ ಫಳಫಳಿಸುತ್ತಿತ್ತು. ಆದರೆ ಹೆಡ್‌ಲೈಟಿನ ಸ್ವಿಚ್ ಒತ್ತಿದೊಡನೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗಿ ಉರಿಯುತ್ತಿದ್ದವು, ಪೆಟ್ರೋಲಿನ ಮುಳ್ಳು ತಾನಾಗಿ ಜಿಗಿಯುತ್ತಿತ್ತು. ಬಲ್ಬುಗಳನ್ನು ಬದಲಿಸಿದರು, ಮೀಟರನ್ನೂ ಬದಲಿಸಿದರು. ಬಂದ ಇಬ್ಬರು ಕೆಲಸಗಾರರಲ್ಲಿ ಒಬ್ಬರು ವಯರಿಂಗನ್ನೆಲ್ಲ ಕಿತ್ತು ಹೊಸದು ಹಾಕಬೇಕೆಂದರು. ಇನ್ನೊಬ್ಬರು ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿ ಹೋದರು. ಅದನ್ನು ಮೊದಲು ತೆಗೆಸಿದೆ. ಫ್ಯೂಸು ಕರಗಿಹೋಗಲೆಂದೇ ಇರುವ ವಸ್ತು. ಅದು ಕರಗದಿದ್ದರೆ ಡ್ಯಾಶ್‌ಬೋರ್ಡಿನ ಹಿಂದಿನ ವಯರು ಕರಗುತ್ತದೆ, ಬೆಂಕಿ ಅಲ್ಲಿಂದಲೇ ಹೊರಡುತ್ತದೆ.

ಹಲವು ದೀಪಗಳೂ ಮೀಟರುಗಳೂ ಒಂದೇ ದಿನ ಕೆಡಲಾರವು. ಎಲ್ಲಕ್ಕೂ ಸಮಾನವಾದುದು ಯಾವುದೆಂದು ನೋಡಬೇಕು. ಬರುವ ದಾರಿಯಲ್ಲಿ ಮಲ್ಟಿಮೀಟರು 12 ವೋಲ್ಟ್ ತೋರಿಸಿತು. ಬಳಿಕ ಒಂದು ಕಡ್ಡಿಯನ್ನು ಮೀಟರಿನ ಲೋಹದ ಕವಚಕ್ಕೆ, ಇನ್ನೊಂದನ್ನು ಬ್ಯಾಟರಿಯ ಋಣ ಧ್ರುವಕ್ಕೆ ತಾಗಿಸಿದೆವು. ಅಲ್ಲಿ ಸೊನ್ನೆ ಬರಬೇಕು. ದೀಪ ಹಾಕಿದೊಡನೆ 1.7 ವೋಲ್ಟ್ ಬಂತು.

ಲೆಕ್ಕ ಸುಲಭ. 3 ವಾಟಿನ ನಾಲ್ಕು ಬಲ್ಬುಗಳೆಂದರೆ 12 ವಾಟ್. 12 ವೋಲ್ಟಿಗೆ ಒಂದು ಆಂಪಿಯರ್, ಅಂದರೆ 12 ಓಮ್ ರೋಧ. ಮರಳುವ ದಾರಿಯಲ್ಲಿ ಬರಿಯ ಎರಡು ಓಮ್ ಸೇರಿಕೊಂಡರೆ 12ರಲ್ಲಿ 1.7 ವೋಲ್ಟನ್ನು ಅದೇ ನುಂಗುತ್ತದೆ. ಅದೇ ದಾರಿಯಲ್ಲಿ ಮರಳಬೇಕಾದ ಪೆಟ್ರೋಲ್ ಮೀಟರು ಆಗ ಸುಳ್ಳು ಹೇಳುತ್ತದೆ.

ಕಾರಿನಲ್ಲಿ ಮರಳುವುದಕ್ಕೆ ಬೇರೆ ತಂತಿಯಿಲ್ಲ. ಕಾರಿನ ಕಬ್ಬಿಣದ ಮೈಯೇ ಆ ದಾರಿ. ಡ್ಯಾಶ್‌ಬೋರ್ಡಿನ ಹಿಂದೆ ಅರ್ತ್ ವಯರಿನ ಬಳೆಯನ್ನು ಸ್ಕ್ರೂ ಹಾಕಿ ಬಿಗಿದ ಜಾಗಕ್ಕೂ ಹೊಸ ಬಣ್ಣ ಬಳಿದಿದ್ದರು. ದೋಷವಿದ್ದದ್ದು ಆ ಬಣ್ಣದ ಪದರದಲ್ಲಿ.

“ಹೊಸ ಪೇಂಟಲ್ವಾ ಮಾಸ್ಟ್ರೇ, ಕೆರೆಯುವುದಾ?” ಎಂದು ಶಿಷ್ಯ ಅಳುಕಿದ.

ನಾಣ್ಯದಷ್ಟು ಜಾಗವನ್ನು ಎಮರಿ ಕಾಗದದಿಂದ ಲೋಹ ಕಾಣುವವರೆಗೆ ಉಜ್ಜಿ, ಸ್ಕ್ರೂ ಬಿಗಿದು, ನಮ್ಮೂರಿನ ಮಳೆಗೆ ಕಿಲುಬು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿದೆವು. ದೀಪ ಹಾಕಿದರೆ ಮುಳ್ಳು ಕದಲಲಿಲ್ಲ. ಮಲ್ಟಿಮೀಟರು ಸೊನ್ನೆಯ ಬಳಿಯಲ್ಲೇ ನಿಂತಿತು. ಖರ್ಚು ಹತ್ತು ರೂಪಾಯಿಗೂ ಕಡಿಮೆ.

ಹಳೆಯ ವಾಹನ ಇಟ್ಟುಕೊಂಡಿರುವ ಶಿಷ್ಯರಿಗೆ ಹೇಳುವುದಿಷ್ಟೆ: ಹೊಸ ಬಿಡಿಭಾಗ ಕೊಳ್ಳುವ ಮೊದಲು ಅರ್ತನ್ನು ನೋಡಿ. ಬರುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ನಮ್ಮ ಭಾಷೆ ಆ ಇನ್ನೊಂದು ಧ್ರುವಕ್ಕೆ ಋಣವೆಂದು ಹೆಸರಿಟ್ಟದ್ದು ಅನುಚಿತವಲ್ಲ.

ನೋಂದಣಿ ನವೀಕರಣವಾಯಿತು. ಮರುದಿನ ಆ ತಾಯಿ ಮುಂದಿನ ಸೀಟಿನಲ್ಲಿ ಕುಳಿತು ಪೆಟ್ರೋಲಿನ ಮುಳ್ಳನ್ನು ಬಹಳ ಹೊತ್ತು ನೋಡಿದರು. “ಇವರ ಕಾಲದಲ್ಲಿ ಇದು ಒಂದು ದಿನವೂ ಸರಿ ತೋರಿಸಿದ್ದಿಲ್ಲ ಮಾಸ್ಟ್ರೇ,” ಎಂದು ನಕ್ಕು, ಬಾಗಿಲು ಎಳೆದುಕೊಂಡರು.