ಇಲಿಜ್ವರವೂ ಇಲಿ ಕಡಿತದ ಜ್ವರವೂ

ತುಳುವಿನಲ್ಲಿಯೂ ಮಲಯಾಳದಲ್ಲಿಯೂ ಎಲಿ, ಕನ್ನಡದಲ್ಲಿ ಇಲಿ. ಕಾಸರಗೋಡಿನ ನಮ್ಮ ಮನೆಗಳಲ್ಲಿ ಯಾವ ಭಾಷೆಯಲ್ಲಿ ಕರೆದರೂ ಅಟ್ಟದ ಅಡಿಕೆಗೂ ತೋಟದ ಎಳನೀರಿಗೂ ಅದು ನಮಗಿಂತ ಮೊದಲಿನ ಹಕ್ಕುದಾರ. ಈ ಸಹವಾಸ ಎಷ್ಟು ಹಳೆಯದೆಂದರೆ, ಹಾವು ಕಡಿದರೆ ಊರೇ ಸೇರುತ್ತದೆ. ಇಲಿ ಕಡಿದರೆ ಅರಸಿನ ಹಚ್ಚಿ ಮಲಗುತ್ತೇವೆ.

ನಮ್ಮ ದೊಡ್ಡಪ್ಪನ ವಿಷಯದಲ್ಲಿಯೂ ಹಾಗೆಯೇ ಆಯಿತು. ಆಟಿ ತಿಂಗಳ ಒಂದು ಬೆಳಗ್ಗೆ ಹಾಸಿಗೆಯಲ್ಲಿ ರಕ್ತದ ಕಲೆ, ಬಲಗಾಲಿನ ಹೆಬ್ಬೆರಳಿನಲ್ಲಿ ಹಲ್ಲಿನ ಗುರುತು. ರಾತ್ರಿ ಕಡಿದುದು ಅವರಿಗೆ ತಿಳಿದೇ ಇರಲಿಲ್ಲ. ಗಾಯ ವಾರದೊಳಗೆ ಮಾಯಿತು. ಎರಡು ವಾರ ಕಳೆದ ಮೇಲೆ ಅದೇ ಜಾಗ ಕೆಂಪೇರಿ ಬಾತು, ತೊಡೆಸಂದಿನಲ್ಲಿ ಗಡ್ಡೆ ಕಟ್ಟಿ, ಚಳಿಯೊಡನೆ ಜ್ವರ ಬಂದಿತು. ಮೂರು ದಿನ ಕಾಯಿಸಿ ಬಿಟ್ಟಿತು. ನಾಲ್ಕು ದಿನ ಬಿಟ್ಟು ಮರಳಿತು. ಮಳೆಗಾಲವಾದುದರಿಂದ ಎಲ್ಲರ ಬಾಯಲ್ಲಿಯೂ ‘ಎಲಿಪ್ಪನಿ’ ಎಂಬ ಮಲಯಾಳದ ಮಾತೇ. ರಕ್ತಪರೀಕ್ಷೆಯಲ್ಲಿ ಅದು ಕಾಣಲಿಲ್ಲ. ಮೂರನೆಯ ಸರದಿಯ ಜ್ವರದಲ್ಲಿ ವೈದ್ಯರೊಬ್ಬರು, ಯಾವುದಾದರೂ ಪ್ರಾಣಿ ಕಚ್ಚಿತ್ತೇ ಎಂದು ಕೇಳಿದರು. ದೊಡ್ಡಪ್ಪ ಇಲ್ಲವೆಂದರು. “ಇಲಿ ಕಚ್ಚಿದ್ದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವೋ?” ಎಂದವರು ದೊಡ್ಡಮ್ಮ. ಪೆನಿಸಿಲಿನ್ ಆರಂಭವಾದ ಮೇಲೆ ಜ್ವರ ಮರಳಲಿಲ್ಲ.

ಹೆಸರಿನ ಹೋಲಿಕೆಯೇ ಇಲ್ಲಿ ದೊಡ್ಡ ತೊಡಕು. ನಾವು ಇಲಿಜ್ವರವೆನ್ನುವುದು ಲೆಪ್ಟೊಸ್ಪೈರೋಸಿಸ್. ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಒಡಕು ಗಾಯಗಳ ಮೂಲಕ ಬರುವಂಥದು. ಅದಕ್ಕೆ ಕಡಿತ ಬೇಕಿಲ್ಲ. ಕಡಿತದ ಜ್ವರ ಬೇರೆ; ಅದು ಇಲಿಯ ಬಾಯಿಯಿಂದ ಬರುತ್ತದೆ. ಅದರಲ್ಲಿಯೂ ಎರಡು ಬಗೆ. ಸ್ಟ್ರೆಪ್ಟೊಬ್ಯಾಸಿಲಸ್ ಎಂಬ ಜೀವಾಣುವಿನದಾದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಜ್ವರ, ಬೊಕ್ಕೆ, ಕೀಲುನೋವು. ಆ ಕೀಲುನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಅಪರೂಪಕ್ಕೆ ಹೃದಯದ ಕವಾಟಕ್ಕೂ ಸೋಂಕು ತಗಲುತ್ತದೆ. ಸ್ಪಿರಿಲ್ಲಮ್ ಎಂಬುದರದು ಗಾಯ ಮಾಯ್ದು ಮರೆತ ಮೇಲೆ ಬರುವ ಜ್ವರ. ಚಿಕಿತ್ಸೆಯಿಲ್ಲದಿದ್ದರೆ ಅದು ಬಿಟ್ಟುಬಿಟ್ಟು ತಿಂಗಳುಗಳ ಕಾಲ ಕಾಡಬಲ್ಲದು. ಈ ಸುರುಳಿಯಾಕಾರದ ಜೀವಾಣುವನ್ನು ಇಲಿಯ ರಕ್ತದಲ್ಲಿ ಕಂಡು 1887ರಲ್ಲಿ ಬರೆದವರು ಮುಂಬಯಿಯಲ್ಲಿದ್ದ ಹೆನ್ರಿ ವ್ಯಾಂಡೈಕ್ ಕಾರ್ಟರ್. ‘ಗ್ರೇಸ್ ಅನಾಟಮಿ’ಯ ಚಿತ್ರಗಳನ್ನು ಬರೆದವರೂ ಅವರೇ. ಜಪಾನಿನಲ್ಲಿ ಈ ರೋಗಕ್ಕೆ ಸೊಡೊಕು ಎಂದು ಹೆಸರು; ಇಲಿಯ ವಿಷವೆಂದೇ ಅರ್ಥ.

ನಮ್ಮವರಿಗೂ ಇದು ಹೊಸತಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಇಲಿಗಳ ವಿಷಕ್ಕೆಂದೇ ಒಂದು ಅಧ್ಯಾಯವಿದೆ. ಹದಿನೆಂಟು ಬಗೆಯ ಇಲಿಗಳನ್ನು ಹೆಸರಿಸಿ, ಗಂಟು, ಬಾವು, ಜ್ವರಗಳನ್ನು ವಿವರಿಸಿ, ಹೊರಹೋಗದೆ ಉಳಿದ ವಿಷ ಮೋಡ ಕವಿದಾಗ ಕೆರಳುತ್ತದೆಂದೂ ಅಲ್ಲಿ ಹೇಳಿದೆ. ಇದನ್ನು ಕೇಳಿದ ದೊಡ್ಡಪ್ಪನಿಗೆ ಬಹಳ ಸಮಾಧಾನವಾಯಿತು. ಮುಂದೆ ಪ್ರತಿ ಮಳೆಗಾಲದಲ್ಲಿಯೂ ಮೊಣಕಾಲು ತಿಕ್ಕಿಕೊಳ್ಳುತ್ತ “ಇದು ಆ ಇಲಿಯದ್ದೇ” ಎನ್ನುತ್ತಿದ್ದರು. ಎಪ್ಪತ್ತರ ಮೊಣಕಾಲಿಗೆ ಇಲಿಯ ಸಹಾಯವೇನೂ ಬೇಡವೆಂಬುದು ನಮ್ಮ ಅಭಿಪ್ರಾಯ. ಆದರೂ ಮಾಯ್ದ ಗಾಯ ವಾರಗಳ ಮೇಲೆ ಕೆರಳುವುದನ್ನು ಕಣ್ಣಾರೆ ಕಂಡ ನಮಗೆ ಆ ಪ್ರಾಚೀನರ ನೋಟ ಕಡಿಮೆಯದೆನಿಸುವುದಿಲ್ಲ.

ಅಂದು ವೈದ್ಯರು ಇನ್ನೊಂದು ಪ್ರಶ್ನೆ ಕೇಳಿದ್ದರು: ಕಡಿಯುವಾಗ ಎಚ್ಚರವೇಕೆ ಆಗಲಿಲ್ಲ? ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಅಲ್ಲಲ್ಲಿ ಒತ್ತಿ ನೋಡಿದರು. ಹೆಬ್ಬೆರಳಿನ ಬುಡದವರೆಗೆ ಸ್ಪರ್ಶವೇ ಇರಲಿಲ್ಲ. ಹನ್ನೆರಡು ವರ್ಷಗಳ ಸಕ್ಕರೆ ಕಾಯಿಲೆ ಸದ್ದಿಲ್ಲದೆ ಕಾಲಿನ ನರಗಳನ್ನು ಕೆಡಿಸಿತ್ತು. ಇಲಿಯ ಜ್ವರ ಮದ್ದಿಗೆ ಬಗ್ಗಿತು. ಈ ಮರಗಟ್ಟುವಿಕೆ ಬಗ್ಗಲಿಲ್ಲ. ಅಂಥ ಕಾಲಿನ ಸಣ್ಣ ಗಾಯವೂ ಹುಣ್ಣಾಗಿ ಬೆರಳನ್ನೇ ಕಳೆಯಬಹುದೆಂದು ಎಚ್ಚರಿಸಿ ಕಳುಹಿಸಿದರು. ಅಂದಿನಿಂದ ಅವರು ತೋಟಕ್ಕೆ ಬರಿಗಾಲಲ್ಲಿ ಇಳಿಯಲಿಲ್ಲ. ರಾತ್ರಿ ಊಟವಾದೊಡನೆ ದೊಡ್ಡಮ್ಮ ದೀಪ ಹತ್ತಿರ ಹಿಡಿದು ಅಂಗಾಲು, ಬೆರಳ ಸಂದುಗಳನ್ನು ನೋಡುತ್ತಿದ್ದರು. ಸೊಳ್ಳೆಪರದೆಯ ಅಂಚನ್ನು ಚಾಪೆಯಡಿಗೆ ಬಿಗಿಯಾಗಿ ಸಿಕ್ಕಿಸುತ್ತಿದ್ದರು. ಆ ಎರಡೂ ಕಾಲುಗಳು ಕೊನೆಯವರೆಗೆ ಅವರೊಡನೆ ಉಳಿದವು.

ಈಗ ನಮ್ಮಲ್ಲಿ ಯಾರಿಗೆ ಕಡಿದರೂ ಸಾಬೂನು ಹಾಕಿ, ಸುರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗುತ್ತೇವೆ. ಧನುರ್ವಾಯುವಿನ ಚುಚ್ಚುಮದ್ದು ಬೇಕೇ, ಬೇರೇನಾದರೂ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕಕ್ಕೆ ಒಂದು ಗುರುತು ಹಾಕಿಡುತ್ತೇವೆ, ಮುಂದೆ ಜ್ವರ ಬಂದರೆ ಕಡಿದ ದಿನವನ್ನು ಹೇಳಲೆಂದು. ಕಳೆದ ವರ್ಷ ಅಂಥ ಗುರುತುಗಳು ಎರಡು ಬಿದ್ದಿವೆ. ಎರಡರಲ್ಲಿಯೂ ಜ್ವರ ಬರಲಿಲ್ಲ.