ಬಾಣಂತಿ ನೀರಿನ ಹೊಂಡ



ಹೋದ ವಾರ ಟೆಂಟಿನ ಮುಂದೆ ನಾವಿಬ್ಬರೂ ಕೂತ ಫೋಟೊ ಹಾಕಿದ್ದೆ. ಇನ್‌ಬಾಕ್ಸಿಗೆ ಬಂದ ಮಾತುಗಳಲ್ಲಿ ಅರ್ಧ ಚಂದ ಇದ್ದವು. "ಮೇಡಂ, ಚಳವಳಿ ಬಿಟ್ಟು ಟೂರ್ ಶುರು ಮಾಡಿದ್ರೇನು?" ಅಂತ ಒಬ್ಬರು. "ಇಂಥಾ ಬ್ಯಾಸಿಗ್ಯಾಗ ಬಿಸಿನೀರಿನ ಬುಗ್ಗೆ ಹುಡುಕ್ಕೋತ ಹೋಗೋರು ನೀವಿಬ್ರ ನೋಡ್ರಿ" ಅಂತ ಇನ್ನೊಬ್ಬರು. ಎರಡನೇದು ನಿಜ, ಒಪ್ಕೊಂಡೆ. ಮೊದಲನೇದಕ್ಕೆ ಕಮೆಂಟಿನಲ್ಲಿ ಉತ್ತರ ಹಿಡಿಯೋದಿಲ್ಲ. ಪೋಸ್ಟ್ ಉದ್ದ ಆಗ್ತದೆ, ಟೈಮ್ ಇದ್ದವರು ಓದಿ.

ನಾನು ಗುಮಾಸ್ತೆ. ನಮ್ಮವರು ಬಸ್ ಡಿಪೊದಲ್ಲಿ ಮೆಕ್ಯಾನಿಕ್. ನಮಗೆ ಸಿಗೋದು ಎರಡನೇ ಶನಿವಾರ, ಭಾನುವಾರ, ಅದಕ್ಕೆ ಜೋಡಿಸಿಕೊಂಡ ಒಂದು ಸಿಎಲ್. ಏಪ್ರಿಲ್ 14ರ ಜಯಂತಿ ಕೆಲಸ, ಚಂದಾ ಲೆಕ್ಕ, ಬ್ಯಾನರ್ ಬಿಚ್ಚೋದು ಎಲ್ಲ ಮುಗಿದ ಮೇಲೆ ಮೇ ತಿಂಗಳೊಳಗೆ ಒಂದೆರಡು ಸಲ ನಿಪ್ಪಾಣಿಯಿಂದ ಬೈಕ್ ಹೊರಡಿಸ್ತೇವೆ. ಎರಡು ರಾತ್ರಿ, ಅಷ್ಟೇ. ಇದು ನಾಲ್ಕನೇ ಬೇಸಿಗೆ. ಬೇಸಿಗೆಯೇ ಯಾಕೆ ಅಂದ್ರೆ ಜೂನ್ ಹತ್ತಿದ ಮೇಲೆ ಕೊಂಕಣದ ಮಳೆಯಲ್ಲಿ ಟೆಂಟ್ ನಿಲ್ಲೋದಿಲ್ಲ, ಹೊಳೆ ದಂಡೆಯ ಬುಗ್ಗೆಗಳ ಮೇಲೆ ಕೆಂಪು ನೀರು ಹರೀತದೆ. ಬೇಸಿಗೆಯಲ್ಲಿ ಹೊಳೆ ಇಳಿದಿರ್ತದೆ, ಬಿಸಿನೀರು ಎಲ್ಲಿಂದ ಬರ್ತದೆ ಅನ್ನೋದು ಕಣ್ಣಿಗೆ ಕಾಣ್ತದೆ.

ರಜೆ ಬಗ್ಗೆ ಒಂದು ಮಾತು. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲೇ 1945ರಲ್ಲಿ ಕಾರ್ಖಾನೆ ಕಾಯ್ದೆಗೆ ಸಂಬಳಸಹಿತ ರಜೆ ಸೇರಿತು, 1946ರ ತಿದ್ದುಪಡಿಯಲ್ಲಿ ವಾರಕ್ಕೆ 48 ತಾಸು ದುಡಿಮೆ ಅಂತ ಆಯ್ತು. ದುಡಿಯೋ ಮನುಷ್ಯನಿಗೆ ಬಿಡುವು ಬೇಕು ಅನ್ನೋದು ಅವರಿಗೆ ಸಣ್ಣ ವಿಷಯ ಆಗಿರಲಿಲ್ಲ. ನಮ್ಮ ಜನ ಊರು ಬಿಟ್ಟು ಹೋಗೋದು ಎರಡೇ ಕಾರಣಕ್ಕೆ: ದುಡಿಯಾಕ, ಇಲ್ಲಾ ಜಾಥಾಕ್ಕೆ. ಸುಮ್ಮನೆ ಹೋಗಿ ನೀರಲ್ಲಿ ಕೂತು ಬರೋದಕ್ಕೆ ಯಾಕೆ ನಾವೇ ನಾಚಿಕೋಬೇಕೋ ನನಗೆ ತಿಳಿಯೋದಿಲ್ಲ.

ಮೊದಲ ಸಲ ಹೋಗಿದ್ದು ನಮ್ಮ ರಾಜ್ಯದ್ದಕ್ಕೇ, ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದ ಬೆಂದ್ರುತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದ್ರೆ ಬಿಸಿನೀರು. ಅಡಿಕೆ ತೋಟಗಳ ನಡುವೆ, ಹೊಳೆ ಪಕ್ಕದಲ್ಲಿ ಕಟ್ಟಿದ ಕೊಳ. ನೀರು 40 ಡಿಗ್ರಿ ಆಸುಪಾಸು, ಅಂದ್ರೆ ನಮ್ಮ ಮನೆ ಹಂಡೆ ನೀರಿಗಿಂತ ತುಸು ಕಡಿಮೆ. ನಮ್ಮವರು ಕೈ ಅದ್ದಿ, "ಇದಕ್ಕ ಇಷ್ಟ ದೂರ ಬಂದ್ವೇನ?" ಅಂದ್ರು. ಆದರೂ ಒಂದು ತಾಸು ಕಾಲು ಬಿಟ್ಕೊಂಡು ಕೂತಿದ್ವಿ.

ಆ ಪ್ರವಾಸಕ್ಕೇ ಟೆಂಟ್ ತಗೊಂಡಿದ್ದು. ಅದನ್ನು ಮನೆಯಲ್ಲಿ ಬಿಚ್ಚಿ ನಿಲ್ಲಿಸಿ ನೋಡ್ತಿದ್ದಾಗ ಅವ್ವ ಬಾಗಿಲಲ್ಲಿ ನಿಂತು, "ರೊಕ್ಕಾ ಕೊಟ್ಟ ತಾಡಪತ್ರಿ ತಂದೀಯೇನ ಯವ್ವಾ?" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ಎರಡ ವರ್ಷ ಅದರಾಗ ಇದ್ದದ್ದ ಸಾಲಲಿಲ್ಲೇನ ನಿನಗ?"

ಇದು ಅಲ್ಲಿಂದ ಶುರುವಾದ ಹುಡುಕಾಟ.

ಕೊಂಕಣ ರೈಲ್ವೆ ಕೆಲಸ ಶುರುವಾಗಿದ್ದು 1990ರಲ್ಲಿ, ಇಡೀ ಮಾರ್ಗ ತೆರೆದಿದ್ದು 1998ರ ಜನವರಿ 26ಕ್ಕೆ. ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ 700 ಕಿಲೋಮೀಟರಿಗೂ ಹೆಚ್ಚು. ಶ್ರೀಧರನ್ ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದ್ದೇ. ಆದರೆ ಮಣ್ಣು ಹೊತ್ತವರಲ್ಲಿ ನಮ್ಮ ಬಿಜಾಪುರದ ಕಡೆಯವರೂ ಇದ್ರು. ನನ್ನ ಅಪ್ಪ, ಅವ್ವ, ಹತ್ತು ವರ್ಷದ ನಾನು. ನಾಲ್ಕನೇ ಕ್ಲಾಸಿನ ನಡುವೆ ಹೆಸರು ಹೊಡೆಸಿಕೊಂಡು ಮುಕಾದಮನ ಲಾರಿ ಹತ್ತಿದ್ವಿ. ಮತ್ತೆ ಶಾಲೆಗೆ ಬಂದಾಗ ನನ್ನ ಜೊತೆಯವರು ಮುಂದೆ ಹೋಗಿಬಿಟ್ಟಿದ್ರು. ಬಿಎ ಮುಗಿಸಿದಾಗ ನನಗೆ ಉಳಿದವರಿಗಿಂತ ಎರಡು ವರ್ಷ ಜಾಸ್ತಿ ವಯಸ್ಸಾಗಿತ್ತು, ಆ ಎರಡು ವರ್ಷ ಅಲ್ಲಿ ಹಳಿ ಕೆಳಗೆ ಇವೆ.

ಅಲ್ಲೇ, ತಾಡಪತ್ರಿ ಗುಡಿಸಲಿನಲ್ಲೇ, ನನ್ನ ತಮ್ಮ ಹುಟ್ಟಿದ. ಬಾಣಂತಿಗೆ ಬಿಸಿನೀರು ಬೇಕು. ಕಟ್ಟಿಗೆ ತರಲು ಕಾಡಿಗೆ ಹೋದ್ರೆ ಫಾರೆಸ್ಟಿನವರು ಹಿಡೀತಿದ್ರು. ಜೊತೆಗಿದ್ದ ಒಬ್ಬ ಮುದುಕಿ, "ಹಳ್ಳದಾಗ ಸುಡೂ ನೀರ ಅದಾವ, ನಡಿ" ಅಂತ ಅವ್ವನ್ನ ಕರಕೊಂಡು ಹೋದಳಂತೆ. ತಿಂಗಳಾನುಗಟ್ಟಲೆ ಅವ್ವನ ಬಾಣಂತನ, ಕೂಸಿನ ಎರೆಯೋದು ಆ ನೀರಲ್ಲೇ ಆಯ್ತು. ನನಗೆ ನೆನಪಿರೋದು ಕೊಳೆತ ತತ್ತಿಯಂಥ ವಾಸನೆ, ಬೆಳಗಿನ ಹೊಗೆ, ತೊಡೆ ಮೇಲೆ ಕೂಸು ಮಲಗಿಸಿಕೊಂಡು ಕಲ್ಲ ಮೇಲೆ ಕೂತ ಅವ್ವ.

ಊರು ಯಾವುದು ಅಂತ ಕೇಳಿದ್ರೆ, "ಮುಕಾದಮ ಇಳಿಸಿದಲ್ಲಿ ಇಳದ್ವಿ, ಹೆಸರ ಯಾರ ಕೇಳ್ಯಾರ?" ಅಂತಾಳೆ. ಅವಳು ಕೊಟ್ಟ ಗುರುತು ಇಷ್ಟು: ಮ್ಯಾಲೆ ಗುಡಿ, ಗುಡಿ ಬಾಜೂ ಕಲ್ಲಿನ ಹೊಂಡ, ಕೆಳಗ ಹಳ್ಳ, ದೂರದಾಗ ಸುರುಂಗದ ಸಪ್ಪಳ. ಇನ್ನೊಂದು ಗುರುತು ಕೇಳದೇನೇ ಹೇಳಿದಳು: "ಮ್ಯಾಲಿನ ಹೊಂಡಕ್ಕ ನಮ್ಮನ್ನ ಬಿಡ್ತಿರಲಿಲ್ಲ. ಅವರು ಮಿಂದ ನೀರ ಕೆಳಗ ಹರದ ಬರ್ತಿತ್ತು. ಅದ ನಮಗ."

ಕೊಂಕಣದಲ್ಲಿ ಇಂಥ ಬುಗ್ಗೆಗಳು ಒಂದೆರಡಲ್ಲ. ಠಾಣೆ ಕಡೆಯ ವಜ್ರೇಶ್ವರಿ, ಗಣೇಶಪುರಿಯಿಂದ ಹಿಡಿದು ದಕ್ಷಿಣಕ್ಕೆ ರಾಜಾಪುರದ ತನಕ ಸಹ್ಯಾದ್ರಿಗೂ ಸಮುದ್ರಕ್ಕೂ ನಡುವೆ ಒಂದು ಗೆರೆ ಎಳೆದ ಹಾಗೆ ಇವೆ. ಉನ್ಹವರೆ, ಉನ್ಹಾಳೆ ಅನ್ನೋ ಊರ ಹೆಸರಲ್ಲೇ ಮರಾಠಿಯ ಊನ್ ಇದೆ, ಕಾವು ಅಂತ. ಕೆಲವು ಕಡೆ ರಾಮ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಕಥೆ ಹೇಳ್ತಾರೆ. ಆಗೋದು ಇಷ್ಟೇ: ಮಳೆ ನೀರು ಕಪ್ಪು ಬಂಡೆಯ ಬಿರುಕಿನಲ್ಲಿ ಇಳೀತಾ ಹೋಗ್ತದೆ, ಭೂಮಿಯ ಒಳಗೆ ಒಂದು ಕಿಲೋಮೀಟರ್ ಇಳಿದ್ರೆ ಸುಮಾರು 25-30 ಡಿಗ್ರಿ ಕಾವು ಏರ್ತದೆ, ಆಳದಲ್ಲಿ ಕಾದ ನೀರು ಇನ್ನೊಂದು ಬಿರುಕು ಸಿಕ್ಕಲ್ಲಿ ಮೇಲೆ ಬರ್ತದೆ. ಕೆಲವು ಕಡೆ ಉಗುರುಬೆಚ್ಚಗೆ, ಕೆಲವು ಕಡೆ 70 ಡಿಗ್ರಿ ಹತ್ತಿರ. ಯೂಟ್ಯೂಬ್ ನೋಡಿ ನಮ್ಮವರು ಬಟ್ಟೆಯಲ್ಲಿ ಎರಡು ತತ್ತಿ ಕಟ್ಟಿ ಇಳಿಬಿಟ್ರು. ಅರ್ಧ ತಾಸು ಕಾದರೂ ಅರೆಬರೆ ಬೆಂತು. ಅದನ್ನೇ ರೊಟ್ಟಿ, ಶೇಂಗಾ ಹಿಂಡಿ ಜೊತೆ ತಿಂದ್ವಿ.

ರೈಲ್ವೆ ಹಳಿ, ಸುರಂಗ, ಬುಗ್ಗೆ ಮೂರೂ ಹತ್ತಿರ ಹತ್ತಿರ ಇರೋದು ಅಂತ ಹುಡುಕಿದ್ರೆ ರತ್ನಾಗಿರಿ ಜಿಲ್ಲೆಯ ಸಂಗಮೇಶ್ವರ ತಾಲ್ಲೂಕು ಮುಖ್ಯವಾಗಿ ಕಾಣ್ತದೆ. ಅರವಲಿ, ತುರಳ, ರಾಜವಾಡಿ ಎಲ್ಲ ಮುಂಬೈ-ಗೋವಾ ಹೆದ್ದಾರಿಯ ಆಸುಪಾಸು. ಕೊಲ್ಹಾಪುರ ದಾಟಿ, ಅಂಬಾ ಘಾಟ್ ಇಳಿದು, ಸಾಖರಪಾ, ದೇವರುಖ ಮೇಲೆ ಹೋಗ್ತೇವೆ. ಘಾಟ್ ಇಳೀತಿದ್ದ ಹಾಗೆ ಗಾಳಿ ಒದ್ದೆಯಾಗ್ತದೆ, ರಸ್ತೆ ಬದಿ ಗೇರುಹಣ್ಣಿನ ವಾಸನೆ.

ಟೆಂಟ್ ಎಲ್ಲಿ ಹಾಕೋದು ಅನ್ನೋದೇ ದೊಡ್ಡ ಪ್ರಶ್ನೆ. ಟ್ರೆಕ್ಕಿಂಗ್ ಹುಡುಗರು ಎಲ್ಲಾದರೂ ಹಾಕಿ ಮಲಗ್ತಾರೆ. ನಲವತ್ತು ದಾಟಿದ, ಕಪ್ಪು ಮೈಯ, ಬೈಕಿಗೆ ನೀಲಿ ಧ್ವಜ ಕಟ್ಟಿದ ಜೋಡಿ ಕತ್ತಲಲ್ಲಿ ಯಾರದೋ ಮಾವಿನ ತೋಟದ ಪಕ್ಕ ಕಂಡ್ರೆ ಕಥೆ ಬೇರೆ ಆಗ್ತದೆ. ಅದಕ್ಕೆ ನಾವು ಊರಿಗೆ ಹೋದ ಕೂಡಲೇ ಕೇಳೋದು ಒಂದೇ, ಬೌದ್ಧವಾಡಿ ಎಲ್ಲಿ? ಕೊಂಕಣದ ಊರುಗಳಲ್ಲಿ 1956ರ ಧಮ್ಮದೀಕ್ಷೆ ನಂತರ ಹಳೇ ಮಹಾರವಾಡಗಳು ಬೌದ್ಧವಾಡಿ ಆದವು. ಅಲ್ಲಿಗೆ ಹೋಗಿ ಜೈಭೀಮ್ ಅಂದ್ರೆ ಮುಗೀತು, ಮರಾಠಿ ಅರ್ಧ ಬಂದರೂ ನಡೀತದೆ. ವಿಹಾರದ ಅಂಗಳದಲ್ಲಿ ಟೆಂಟ್ ಹಾಕಿ ಅಂತಾರೆ. ಒಂದು ಕಡೆ ಒಬ್ಬ ಆಯಿ ನಮ್ಮ ಟೆಂಟ್ ಒಳಗೆ ಇಣುಕಿ, ಸೊಳ್ಳೆ ಹೊಡಿಯೋ ಬ್ಯಾಟ್ ಕೊಟ್ಟು ಹೋದಳು. ಬೆಳಿಗ್ಗೆ ಕಪ್ಪು ಚಹಾ ತಂದಳು. ದುಡ್ಡು ಕೊಡಾಕ ಹೋದ್ರೆ ಬೈದಳು.

ಹೋದ ವರ್ಷ ಮೇ ತಿಂಗಳಲ್ಲಿ ಅವ್ವನ ಗುರುತಿಗೆ ಹೆಚ್ಚುಕಡಿಮೆ ಹೊಂದುವ ಒಂದು ಜಾಗ ಸಿಕ್ತು. ಊರ ಹೆಸರು ಬರೆಯೋದಿಲ್ಲ, ಯಾಕಂತ ಮುಂದೆ ಗೊತ್ತಾಗ್ತದೆ. ಮೇಲೆ ಗುಡಿ, ಪಕ್ಕದಲ್ಲಿ ಕಲ್ಲಿನ ಹೊಂಡ, ಹೆಂಗಸರದಕ್ಕೆ ಈಗ ಗೋಡೆ ಕಟ್ಟಿದಾರೆ. ಕೆಳಗೆ ಹಳ್ಳ. ವಾಸನೆ ಅದೇ, ಎದೆ ಡವಡವ ಅಂತು.

ಗುಡಿ ಕಟ್ಟೆ ಮೇಲೆ ಕೂತ ಹಿರಿಯರೊಬ್ಬರು ಎಲ್ಲಿಂದ ಬಂದ್ರಿ ಅಂತ ಕೇಳಿದ್ರು. ಹೇಳಿದ್ವಿ. ಆಮೇಲೆ, "ಆಡನಾವ್ ಕಾಯ್?" ಅಡ್ಡಹೆಸರು ಏನು ಅಂತ. ನಮ್ಮವರು ಅಡ್ಡಹೆಸರು ಹೇಳಲಿಲ್ಲ, "ಜೈಭೀಮ್, ಕಾಕಾ" ಅಂದ್ರು. ಅವರು ತಲೆ ಆಡಿಸಿದ್ರು. ಒಳಗೆ ಹೋಗಬ್ಯಾಡ್ರಿ ಅನ್ನಲಿಲ್ಲ.

ನಾನು ಮೇಲಿನ ಹೊಂಡಕ್ಕೆ ಇಳಿದೆ. ಮೊದಲು ಪಾದ ಉರೀತದೆ, ಆಮೇಲೆ ಸೊಂಟದ ತನಕ ಹೊಂದಿಕೊಳ್ತದೆ. ಇನ್ನಿಬ್ಬರು ಹೆಂಗಸರು ಇದ್ರು, ಒಬ್ಬಳು ಸಾಬೂನು ಹಚ್ಚಬಾರದು ಅಂತ ಹೇಳಿಕೊಟ್ಟಳು. ಹತ್ತು ನಿಮಿಷ ಕೂತಿದ್ದೆ. ಎದ್ದು ಸೀರೆ ಬದಲಿಸಿ ಹೊರಗೆ ಬಂದಾಗ ಒಬ್ಬ ಹುಡುಗ ಬಕೀಟು, ಪೊರಕೆ ಹಿಡಿದು ಒಳಗೆ ಹೋದ. ಹೆಂಗಸರನ್ನ ಹೊರಗೆ ಕರೆದು, ಹೊಂಡದ ತೂಬು ತೆಗೆದು, ಮೆಟ್ಟಿಲು ತಿಕ್ಕಾಕ ಹತ್ತಿದ.

ದಿನಾ ಸಂಜೆ ತೊಳೀತಾರೇನೋ. ನಮ್ಮವರು ಹಂಗೇ ಅಂತಾರೆ. "ಸಂಜಿ ಆಗಿತ್ತಲಾ, ತೊಳದಾರ. ಸುಮ್ಮ ತಲಿ ಕೆಡಿಸ್ಕೋಬ್ಯಾಡ." "ರೀ, ನಾಲ್ಕೂವರಿಗೆ ಸಂಜಿ ಆಗ್ತದೇನ್ರಿ?" ಅಂದೆ. ಅವರು ಸುಮ್ಮನಾದ್ರು. ನಾನು ಆ ಹಿರಿಯರನ್ನ ಕೇಳಲಿಲ್ಲ. ಕೇಳಿದ್ರೂ ದಿನದ ಪದ್ಧತಿ ಅಂತಿದ್ರು, ಅದು ನಿಜ ಇದ್ದರೂ ಇರಬಹುದು. ಈಗಿನ ಅಸ್ಪೃಶ್ಯತೆ ಇರೋದೇ ಹೀಗೆ. ಅವ್ವನಿಗೆ ಗೊತ್ತಿತ್ತು, ಮೇಲಿನದು ಅವರದು, ಕೆಳಗಿನದು ನಮ್ಮದು ಅಂತ. ನನಗೆ ಬಕೀಟು ಕಂಡರೂ ಯಾಕೆ ಅನ್ನೋದು ಗೊತ್ತಾಗೋದಿಲ್ಲ. ದೂರು ಕೊಡೋಣ ಅಂದ್ರೆ ಏನಂತ ಬರೆಯೋದು? ಆಫೀಸಿನಲ್ಲಿ ದಿನಾ ಅರ್ಜಿ ನೋಡೋಳು ನಾನು, ಆ ಅರ್ಜಿ ಮೊದಲ ಟೇಬಲ್ಲಿನಲ್ಲೇ ವಾಪಸ್ ಬರ್ತದೆ.

ಈ ವರ್ಷ ಅದಕ್ಕೇ ಇನ್ನೂ ಉತ್ತರಕ್ಕೆ ಹೋದ್ವಿ, ಮಹಾಡಕ್ಕೆ. 1923ರ ಬೋಲೆ ಗೊತ್ತುವಳಿ, 1924ರಲ್ಲಿ ಕೆರೆ ಎಲ್ಲರಿಗೂ ಮುಕ್ತ ಅಂತ ಅಲ್ಲಿನ ಮುನಿಸಿಪಾಲಿಟಿ ಠರಾವು, ಎಲ್ಲ ಕಾಗದದ ಮೇಲೆ ಇತ್ತು. 1927ರ ಮಾರ್ಚ್ 20ಕ್ಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ಚವದಾರ ಕೆರೆ ನೀರು ಕುಡಿದ ಮೇಲೆ ಆ ಕಾಗದಕ್ಕೆ ಜೀವ ಬಂತು. ಆಮೇಲೆ ಹಲ್ಲೆ ಆಯ್ತು, ಕೆರೆಗೆ 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಶುದ್ಧಿ ಮಾಡಿದ್ರು. ಕೋರ್ಟಿನಲ್ಲಿ ಗೆದ್ದಿದ್ದು 1937ರಲ್ಲಿ, ಹತ್ತು ವರ್ಷ ಬೇಕಾಯ್ತು. ಕೆರೆ ಮೆಟ್ಟಿಲ ಮೇಲೆ ಕೂತು ನಾನು ಆ 108 ಕೊಡ ಎಣಿಸ್ತಿದ್ದೆ. ನಮ್ಮವರು, "ಒಂದ ಬಕೀಟಿಗೆ ಬಂದಾರಲಾ, ಪ್ರಗತಿ ಐತಿ" ಅಂದ್ರು. ಇಬ್ಬರೂ ನಕ್ವಿ, ಪಕ್ಕದಲ್ಲಿದ್ದವರು ತಿರುಗಿ ನೋಡೋ ಹಾಗೆ.

ಅಲ್ಲಿಂದ ಹತ್ತಿರವೇ ಸಾವಿತ್ರಿ ನದಿ ದಂಡೆಯಲ್ಲಿ ಸವ್ ಅನ್ನೋ ಊರು, ಅಲ್ಲೂ ಬಿಸಿನೀರಿನ ಬುಗ್ಗೆ. ನೀವು ಬೈದ ಫೋಟೊ ಮಹಾಡದಲ್ಲೇ ತೆಗೆದಿದ್ದು.

ಹೋದ ವರ್ಷದ ಆ ಹೊಂಡದಿಂದಲೇ ಅವ್ವಗೆ ವಿಡಿಯೊ ಕಾಲ್ ಹಚ್ಚಿದ್ದೆ, ಇದೇನಾ ಅಂತ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಗ್ವಾಡಿ ಇರಲಿಲ್ಲ. ಗಿಡ ಇತ್ತು. ಯಾವುದ ಯವ್ವಾ, ನೀರ ಎಲ್ಲಾ ಒಂದ ಥರಾ ಕಾಣ್ತಾವ." ಸ್ವಲ್ಪ ಹೊತ್ತು ಬಿಟ್ಟು, "ಮ್ಯಾಲಿಂದರಾಗ ಇಳದಿದ್ದೇನ? ಹೆಂಗಿತ್ತ?" ಅಂದಳು. ಬಿಸಿ ಇತ್ತು ಅಂದೆ. ಬಕೀಟಿನ ವಿಷಯ ಹೇಳಲಿಲ್ಲ. ಈ ಪೋಸ್ಟ್ ಅವಳು ಓದೋದಿಲ್ಲ, ತಮ್ಮ ಓದಿ ಹೇಳ್ತಾನೆ, ಹೇಳಲಿ.

ಮೊನ್ನೆ ತಾನೇ ಬಾಯಿಬಿಟ್ಟು ಕೇಳಿದಳು, ನನ್ನೂ ಒಮ್ಮೆ ಕರಕೊಂಡು ಹೋಗು ಅಂತ. ಮೊಣಕಾಲು ನೋವು, ಬೈಕ್ ಆಗೋದಿಲ್ಲ. ನಮ್ಮವರು ಲೆಕ್ಕ ಹಾಕಿದಾರೆ: ಕೊಲ್ಹಾಪುರದಿಂದ ರತ್ನಾಗಿರಿಗೆ ಬಸ್, ಅಲ್ಲಿಂದ ಸಂಗಮೇಶ್ವರ ರೋಡ್ ಸ್ಟೇಷನ್ನಿಗೆ ರೈಲು. ತಾನು ಮಣ್ಣು ಹೊತ್ತ ಆ ಮಾರ್ಗದ ರೈಲಿನಲ್ಲಿ ಅವ್ವ ಈ ತನಕ ಒಂದು ಸಲವೂ ಕೂತಿಲ್ಲ. ಕಿಟಕಿ ಸೀಟು ಬೇಕಂತೆ, ಸುರುಂಗ ಬಂದಾಗ ಕಿಟಕಿ ಮುಚ್ಚಬಾರದಂತೆ.

ಒಂದೇ ಷರತ್ತು. "ಟೆಂಟಿನ್ಯಾಗ ಮಾತ್ರ ಮಲಗಂಗಿಲ್ಲ, ಅದು ನಂದ ಮುಗದೈತಿ. ಕಾಟ ಇರೂ ಖೋಲಿ ನೋಡು." ಸಂಗಮೇಶ್ವರ ಕಡೆ ಸಂಘಟನೆಯ ಯಾರಾದ್ರೂ ಪರಿಚಯ ಇದ್ರೆ ತಿಳಿಸಿ. ನೆಲಮಹಡಿ ಖೋಲಿ, ಕಾಟು, ದಿನಕ್ಕೆ ಎಂಟುನೂರರ ಒಳಗೆ. ಮಳೆ ಹತ್ತೋದ್ರೊಳಗೆ, ಮೇ ಕೊನೇ ವಾರ.