ಮೀಸೆಯ ಲೆಕ್ಕ

ನಮ್ಮ ನೇಕಾರರ ಊರು ಕಮತಗಿಯಲ್ಲಿ ನೂಲಿಗೆ ಒಂದೇ ಕೆಲಸವಲ್ಲ. ಮಗ್ಗದ ಮೇಲೆ ಅದು ಇಳಕಲ್ಲ ಸೀರೆಯಾಗುತ್ತದೆ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವರ ಬೆರಳಲ್ಲಿ ಆಡುತ್ತದೆ. ಇನ್ನೊಂದು ನೂಲು ಬ್ಯೂಟಿ ಪಾರ್ಲರಿನದು. ಅದರ ಒಂದು ತುದಿ ಹಲ್ಲಿನ ನಡುವೆ, ಇನ್ನೊಂದು ಬೆರಳಿನಲ್ಲಿ. ಹುಡುಗಿಯರ ಮೇಲ್ದುಟಿಯ ಮೇಲಿನ ಕೂದಲನ್ನು ಚರ್ರನೆ ಕೀಳುವುದು ಅದರ ಕಸುಬು. ಮೊದಲನೆಯದರ ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಪಟ್ಟವೂ ಸಿಕ್ಕಿದೆ. ಎರಡನೆಯದಕ್ಕೆ ಗಿರಾಕಿ ಸಿಕ್ಕಿದ್ದಾರೆ. ಯಾರಿಗೆ ಲಾಭ ಹೆಚ್ಚೆಂಬ ಮಾತನ್ನು ನೇಕಾರರ ಮುಂದೆ ಎತ್ತುವುದು ಬೇಡ.

ಪಾರ್ಲರಿಗೆ ಬರುವವರಲ್ಲಿ ಕೆಲವರ ಬ್ಯಾಗಿನಲ್ಲಿ ಮಡಚಿದ ಒಂದು ಚೀಟಿ ಇರುತ್ತದೆ. ಅದರಲ್ಲಿ ಡಾಕ್ಟರರ ಅಕ್ಷರದಲ್ಲಿ ಹೈಪರ್‌ಆಂಡ್ರೊಜೆನಿಸಂ ಎಂದು ಬರೆದಿರುತ್ತದೆ. ಮನೆಯಲ್ಲಿ ಅಷ್ಟುದ್ದದ್ದನ್ನು ಯಾರು ಓದಬೇಕು? "ಪಿಸಿಓಡಿ ಐತಂತ" ಎಂದರೆ ಮುಗಿಯಿತು. ಓಣಿಯವರಿಗೆ ಅದೂ ಬೇಕಿಲ್ಲ, "ಗಂಡುಬೀರಿ" ಎಂದುಬಿಡುತ್ತಾರೆ. ಆಂಡ್ರೊಜೆನ್ ಗುಂಪಿನ ಹಾರ್ಮೋನು ಅಳತೆ ಮೀರಿದೆ, ಚೀಟಿ ಹೇಳುವುದು ಇಷ್ಟೇ. ಅದರ ಬಳಗ ಮಾತ್ರ ದೊಡ್ಡದು. ಗದ್ದ, ಎದೆ, ಹೊಟ್ಟೆಯ ಮೇಲೆ ಗಂಡಸರಂತೆ ದಪ್ಪ ಕೂದಲು ಬಂದರೆ ಹಿರ್ಸುಟಿಸಂ. ದನಿ ಗಡುಸಾಗಿ, ನೆತ್ತಿ ಬೋಳಾಗಿ, ರಟ್ಟೆ ಕಟ್ಟಿದರೆ ವಿರಿಲೈಸೇಶನ್. ಇದು ಅಪರೂಪ. ಆದರೆ ನಾಲ್ಕಾರು ತಿಂಗಳಲ್ಲೇ ಹೀಗಾಯಿತೆಂದರೆ ಪಾರ್ಲರಿಗಲ್ಲ, ದವಾಖಾನೆಗೆ ಓಡಬೇಕು. ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಕೂತಿರಬಹುದು.

ಕೂದಲನ್ನು ಎಣಿಸುವುದಕ್ಕೂ ಒಂದು ಶಾಸ್ತ್ರವಿದೆ. 1961ರಲ್ಲಿ ಬ್ರಿಟನ್ನಿನ ಫೆರಿಮನ್ ಮತ್ತು ಗಾಲ್ವೆ ಹೆಂಗಸರ ಮೈಯ 11 ಜಾಗ ಗುರುತು ಮಾಡಿ, ಒಂದೊಂದಕ್ಕೂ ಸೊನ್ನೆಯಿಂದ 4ರ ತನಕ ಅಂಕ ಕೊಟ್ಟರು. ಈಗ 9 ಜಾಗ ಸಾಕು. ಮೊತ್ತ ಸುಮಾರು 8 ಆದರೆ ಕೂದಲು ಹೆಚ್ಚೆಂದು ಲೆಕ್ಕ, ಜನಾಂಗ ಬದಲಾದರೆ ಗೆರೆಯೂ ತುಸು ಸರಿಯುತ್ತದೆ. ನಮ್ಮ ಕಟ್ಟೆಯ ಮೇಲೆ ಕೂತ ಆಯಿಗಳು ಕಾಗದವಿಲ್ಲದೆ, ದೂರದಿಂದಲೇ, ಒಂದು ನೋಟಕ್ಕೆ ಅಂಕ ಹಾಕುತ್ತಾರೆ. ಅವರ ಪರೀಕ್ಷೆಯಲ್ಲಿ ಪಾಸಾದವರು ಕಡಿಮೆ. ತಮ್ಮ ಗದ್ದದ ಮೇಲಿನ ನಾಲ್ಕು ಬಿಳಿಕೂದಲು ಮಾತ್ರ ಆ ಲೆಕ್ಕಕ್ಕಿಲ್ಲ.

ಗ್ರೀಕರೂ ಈ ಹರಟೆಯಲ್ಲಿ ಹಿಂದೆ ಬಿದ್ದವರಲ್ಲ. ಹಿಪೊಕ್ರೇಟಿಸನ ಹೆಸರಿನ ಗ್ರಂಥಗಳಲ್ಲಿ ಅಬ್ದೇರಾ ಊರಿನ ಫೇಥೂಸಾ ಎಂಬ ಗೃಹಿಣಿ ಬರುತ್ತಾಳೆ. ಗಂಡ ಊರು ಬಿಟ್ಟುಹೋದ ಮೇಲೆ ಅವಳ ಮುಟ್ಟು ನಿಂತಿತು, ದನಿ ಒರಟಾಯಿತು, ಗಡ್ಡ ಬಂತು, ಕೊನೆಗೆ ಸತ್ತಳು. ಪಾಪ, ಗಡ್ಡೆಯೇ ಇತ್ತೋ ಏನೋ. ಓದಿದವರಿಗೆ ಮಾತ್ರ ಗಂಡ ದೂರವಾದದ್ದೇ ಕಾರಣವೆಂದು ತೋರುತ್ತದೆ. ಅದು ನಿಜವಾಗಿದ್ದರೆ ಬಾದಾಮಿ, ಹುನಗುಂದ ಸೀಮೆಯಿಂದ ಗಂಡಸರು ಗೋವೆಗೆ, ಮಂಗಳೂರಿಗೆ ದುಡಿಯಲು ಹೋದಾಗಲೆಲ್ಲ ಇಲ್ಲಿಯ ಓಣಿಗಳಲ್ಲಿ ಗಡ್ಡದ ಅವ್ವಂದಿರು ತುಂಬಿರಬೇಕಿತ್ತು.

ನನಗೆ ಸಿಟ್ಟು ಬರುವುದು "ಗಂಡು ಹಾರ್ಮೋನು" ಎಂಬ ಮಾತಿಗೆ. ಆಂಡ್ರೊಜೆನ್ ಗುಂಪಿನ ಟೆಸ್ಟೊಸ್ಟೆರೋನನ್ನು 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಹೋರಿಗಳ ವೃಷಣದಿಂದ ತೆಗೆದರು, ಅಂದಿನಿಂದ ಅದು ಗಂಡಸರ ಆಸ್ತಿಯಾಯಿತು. ಆದರೆ ಹೆಂಗಸಿನ ಅಂಡಾಶಯ ಮೊದಲು ತಯಾರಿಸುವುದು ಆಂಡ್ರೊಜೆನನ್ನೇ. ಅರೋಮಟೇಸ್ ಎಂಬ ಕಿಣ್ವ ಅದನ್ನು ಈಸ್ಟ್ರೊಜೆನ್ ಮಾಡುತ್ತದೆ. ಆಂಡ್ರೊಜೆನ್ ಇಲ್ಲದೆ ಈ ಹೆಣ್ಣು ಹಾರ್ಮೋನೇ ಇಲ್ಲ. ಎರಡೂ ಇರುವುದು ಎಲ್ಲರಲ್ಲೂ, ಹೆಚ್ಚು ಕಡಿಮೆ ಅಷ್ಟೇ.

ಹೆಂಗಸರಲ್ಲಿ ಆಂಡ್ರೊಜೆನ್ ಹೆಚ್ಚಾಗುವುದಕ್ಕೆ ಬಹಳ ಸಲ ಇನ್ಸುಲಿನ್ನಿನ ಕೈವಾಡವಿರುತ್ತದೆ. ಮೈ ಅದರ ಮಾತು ಕೇಳದಾದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಅದು ಅಂಡಾಶಯವನ್ನು ಆಂಡ್ರೊಜೆನ್ ಮಾಡೆಂದು ತಿವಿಯುತ್ತದೆ. ಟೆಸ್ಟೊಸ್ಟೆರೋನನ್ನು ಕಟ್ಟಿಹಾಕುವ ಒಂದು ಪ್ರೊಟೀನು ಯಕೃತ್ತಿನಲ್ಲಿ ತಯಾರಾಗುತ್ತದಲ್ಲ, ಅದನ್ನೂ ಕಡಿಮೆ ಮಾಡುತ್ತದೆ. ಕಟ್ಟು ಬಿಚ್ಚಿದ ಹಾರ್ಮೋನು ಗದ್ದಕ್ಕೆ ಬರುತ್ತದೆ. ಪ್ಯಾರಿಸಿನ ಆಶಾರ್ ಮತ್ತು ತಿಯೇರ್ 1921ರಲ್ಲೇ ಇದಕ್ಕೆ ಗಡ್ಡದ ಹೆಂಗಸರ ಸಕ್ಕರೆ ಕಾಯಿಲೆ ಎಂದು ಹೆಸರಿಟ್ಟಿದ್ದರು. ಮಗಳ ಕುತ್ತಿಗೆಯ ಹಿಂದಿನ ಕಪ್ಪನ್ನು ಕೊಳೆಯೆಂದು ತಾಯಿ ಬಟ್ಟೆಯಿಂದ ಉಜ್ಜುತ್ತಾಳಲ್ಲ, ಅದೂ ಬಹುಪಾಲು ಈ ಇನ್ಸುಲಿನ್ನಿನದೇ ಬರಹ. ಉಜ್ಜಿದರೆ ಹೋಗದು. ಕೂದಲು ಕಿತ್ತರೂ ಹೋಗದು. ಮೇಲ್ದುಟಿಗೆ ತಿಂಗಳಿಗೊಮ್ಮೆ ದುಡ್ಡು ಕೊಡುವವರು ಒಮ್ಮೆಯಾದರೂ ಸಕ್ಕರೆ ಪರೀಕ್ಷೆಗೆ ಕೊಟ್ಟರೆ ಒಳ್ಳೆಯದು. ಅಮೀನಗಡದ ಸಿಹಿ ಕರದಂಟನ್ನು ಪಕ್ಕದಲ್ಲಿಟ್ಟುಕೊಂಡ ಊರಿನಲ್ಲಿ ಈ ಮಾತು ಯಾರ ಕಿವಿಗೂ ಹಿತವಲ್ಲ, ನನ್ನ ಕಿವಿಗೂ.

ಚೀಟಿಯ ಆ ಉದ್ದ ಹೆಸರು ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಓಡಾಡಿದ್ದು ಓಟಗಾರ್ತಿ ದ್ಯುತಿ ಚಂದ್ ಕಾರಣಕ್ಕೆ. ಒಡಿಶಾದ ಜಾಜಪುರ ಜಿಲ್ಲೆಯ ನೇಕಾರ ದಂಪತಿಯ ಮಗಳು. 2014ರಲ್ಲಿ ಬೆಂಗಳೂರಿನಲ್ಲೂ ಪರೀಕ್ಷೆಗಳಾದವು, ಟೆಸ್ಟೊಸ್ಟೆರೋನ್ ಹೆಚ್ಚೆಂದು ಗ್ಲಾಸ್ಗೊ ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟರು. ಔಷಧಿಯಿಂದ ಹಾರ್ಮೋನು ಇಳಿಸಿಕೊ ಎಂದರೆ ಆಕೆ ಒಪ್ಪಲಿಲ್ಲ. ಕ್ರೀಡಾ ನ್ಯಾಯಮಂಡಳಿಗೆ ಹೋದಳು. 2015ರ ಜುಲೈನಲ್ಲಿ ಹಾರ್ಮೋನು ಹೆಚ್ಚಿದ್ದವರನ್ನು ಹೊರಗಿಡುವ ನಿಯಮಕ್ಕೇ ತಡೆ ಬಿತ್ತು, 2016ರ ರಿಯೊ ಒಲಿಂಪಿಕ್ಸಿನಲ್ಲಿ 100 ಮೀಟರ್ ಓಡಿದಳು, 2018ರ ಜಕಾರ್ತಾ ಏಷ್ಯಾಡಿನಲ್ಲಿ ಎರಡು ಬೆಳ್ಳಿ ತಂದಳು. ಉಸೇನ್ ಬೋಲ್ಟನ ಕಾಲು ಉದ್ದವೆಂದು ಯಾರೂ ಕತ್ತರಿಸಿಕೊ ಅನ್ನಲಿಲ್ಲವಲ್ಲ. ಹೊರಗಿನ ಗುರುತು ನೋಡಿ ಹೆಣ್ಣು-ಗಂಡಿನ ಪಟ್ಟಿ ಕಟ್ಟುವವರನ್ನು ಗಡ್ಡಮೀಸೆಯ ಹೆಸರೆತ್ತಿಯೇ ಕೆಣಕಿದ ವಚನಕಾರ ದಾಸಿಮಯ್ಯನೂ ನೇಕಾರನೇ. ಅವನ ಜಯಂತಿಗೆ ಮೆರವಣಿಗೆ ತೆಗೆಯುವ ನಾವು ಮರುದಿನ ಹುಡುಗಿಯ ಮುಖ ನೋಡಿ ನಗುತ್ತೇವೆ.

ಹಾರ್ಮೋನು ಹೆಚ್ಚಾದದ್ದಕ್ಕೆ ಮದ್ದಿಲ್ಲವೆಂದಲ್ಲ. ತೂಕ ಇಳಿಸುವುದು, ಮೆಟ್‌ಫಾರ್ಮಿನ್, ಗರ್ಭನಿರೋಧಕ ಗುಳಿಗೆ, ಮತ್ತೆ ಬಿಪಿಗೆಂದು ಬಂದ ಸ್ಪಿರೊನೊಲ್ಯಾಕ್ಟೋನ್. ಈ ಕೊನೆಯದನ್ನು ನುಂಗುವಾಗ ಬಸಿರಾಗಬಾರದು. ಕೂದಲಿನ ಬೆಳವಣಿಗೆ ನಿಧಾನವಾದ್ದರಿಂದ ಗುಣ ಕಾಣಲು ಆರು ತಿಂಗಳಾದರೂ ಬೇಕು. ಇದನ್ನು ಡಾಕ್ಟರಮ್ಮ ಬಿಡಿಸಿ ಹೇಳುತ್ತಿದ್ದಾಗ ನಮ್ಮ ಕಾಕು ಮಗಳ ಪಕ್ಕ ಕೂತು ಕೇಳಿದ್ದು ಒಂದೇ ಮಾತು: "ಆರ ತಿಂಗಳಾ? ಬರೂ ಅಮಾಸಿ ಮುಂದ ಕನ್ಯಾ ನೋಡಾಕ ಬರಾಕತ್ತಾರಲ್ರೀ!"

ಮಗಳು ತಲೆ ಎತ್ತದೆಯೇ ಅಂದಳು: "ಬರೋರಿಗೂ ಸಕ್ಕರಿ ಚೆಕ್ ಮಾಡಸ್ಕೊಂಡ ಬಾ ಅನ್ನವ್ವ."